ಗ್ಯಾಸ್ಕೆಟ್ಟೂ ಬಾವಿಯ ನೀರೂ

ಅಂಬಾಸಿಡರ್ ಕಾರುಗಳ ತಯಾರಿಕೆಯು 2014ರಲ್ಲಿ ನಿಂತಿತು. ತಂದೆಯವರು ಬಿಟ್ಟುಹೋದ ನಮ್ಮದು ಇನ್ನೂ ಓಡುತ್ತಿದೆ. ಕಳೆದ ಬೇಸಿಗೆಯಲ್ಲಿ ಪಾವಗಡದಿಂದ ಮಧುಗಿರಿಗೆ ಬರುವಾಗ ಮಿಡಿಗೇಶಿಯ ಬಳಿ ಅದು ಕುದಿದು ನಿಂತಿತು. ಕಡ್ಡಿಯನ್ನೆಳೆದು ನೋಡಲು ಎಂಜಿನ್ನಿನ ಎಣ್ಣೆಯು ಹಾಲು ಬೆರೆತ ಕಾಫಿಯಂತಿತ್ತು. ಬ್ಲಾಕಿಗೂ ಹೆಡ್ಡಿಗೂ ನಡುವಣ ಗ್ಯಾಸ್ಕೆಟ್ಟು ಒಡೆದು ನೀರು ಎಣ್ಣೆಗಿಳಿದಿತ್ತು. ಗುಜರಿಗೆ ಕೊಡಿರೆಂದು ಹೇಳಿದವರೇ ಹೆಚ್ಚು. ನನಗೆ ಮನಸ್ಸೊಪ್ಪಲಿಲ್ಲ.

ಶಿರಾದ ವೃದ್ಧ ಮೇಸ್ತ್ರಿಯೊಬ್ಬರನ್ನು ಕರೆಸಿ ಅಂಗಳದಲ್ಲಿಯೇ ಹೆಡ್ಡನ್ನು ಬಿಚ್ಚಿದೆವು. ನೀರು ಹರಿಯುವ ದಾರಿಗಳಲ್ಲೆಲ್ಲ ಹಂಡೆಯ ತಳದಲ್ಲಿ ಕಟ್ಟುವಂತಹ ಸುಣ್ಣದ ಪೊರೆ! ಅದು ನಮ್ಮ ಸೀಮೆಯ ಕೊಳವೆಬಾವಿಯ ಗಡಸು ನೀರಿನ ಕೆಲಸ. ಪೊರೆ ಕಟ್ಟಿದಲ್ಲಿ ಎಂಜಿನ್ನಿನ ಕಾವು ನೀರಿಗೆ ಸರಿಯಾಗಿ ಇಳಿಯದು; ಕಾದ ಹೆಡ್ಡು ಸೊಟ್ಟಗಾಗಿ ಗ್ಯಾಸ್ಕೆಟ್ಟು ಸೋಲುವುದು. ಪಾವಗಡದ ನೀರಿನ ಫ್ಲೋರೈಡು ಮನುಷ್ಯರ ಹಲ್ಲು ಮೂಳೆಗಳನ್ನು ಕೆಡಿಸುವುದನ್ನು ವಾಚಕರು ಬಲ್ಲರು. ಅಲ್ಲಿ ಕಬ್ಬಿಣದ ಪಾಡನ್ನು ವಿಚಾರಿಸುವವರಾರು?

ಪೊರೆಯನ್ನು ಕೆರೆದು, ಹೆಡ್ಡಿನ ಮೈ ಸಮವಾಗಿದೆಯೆಂದು ಪಟ್ಟಿಯಿಟ್ಟು ನೋಡಿ, ಹೊಸ ಗ್ಯಾಸ್ಕೆಟ್ಟನ್ನು ಹಾಸಿದೆವು. ಮೇಸ್ತ್ರಿಯವರು ನಟ್ಟುಗಳನ್ನು ನಡುವಿನಿಂದ ಅಂಚಿನ ಕಡೆಗೆ ಮೂರು ಸರದಿಯಲ್ಲಿ ಬಿಗಿದರು. ಒಂದೇ ಸಲಕ್ಕೆ ಬಿಗಿಯಲು ಬಿಡಲಿಲ್ಲ. ಹಳೆಯ ಎಣ್ಣೆಯನ್ನೂ ಚೆಲ್ಲಿಸಿದರು.

ಈಗ ರೇಡಿಯೇಟರಿಗೆ ಮಳೆಯ ನೀರು. ಅಡಿಗೆಗೆಂದು ಹಿಡಿದಿಟ್ಟುದರಲ್ಲಿ ಎರಡು ಬಿಂದಿಗೆಯನ್ನು ಮನೆಯವರು ಗೊಣಗುತ್ತಲೇ ಕಾರಿಗೆ ತೆಗೆದಿರಿಸಿದ್ದಾರೆ.