ಹೊಳೆದಂಡೆಯ ಚಹಾ ಮನೆಯಲ್ಲಿ

ಮನೆಮಂದಿಗೆಲ್ಲ ಚಹಾ ಮಾಡಿ ಕೊಡುವವರು ನಾವು. ಕುಡಿಯುವುದು ಮಾತ್ರ ಎಲ್ಲರಿಗಿಂತ ಕೊನೆಗೆ. ಆರಿದ ಚಹಾವನ್ನು ಅಡುಗೆಮನೆಯಲ್ಲಿ ನಿಂತಲ್ಲೇ ಕುಡಿದು ಮುಗಿಸುವುದು ನಮ್ಮಲ್ಲಿ ಹೆಚ್ಚಿನ ಗೃಹಿಣಿಯರ ರೂಢಿ. ನನ್ನದಂತೂ ಮೂವತ್ತು ವರ್ಷಗಳ ಅಭ್ಯಾಸ.

ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ ಅವಳು ನನ್ನನ್ನು ಬ್ರಾಡ್‌ಫರ್ಡ್ ಆನ್ ಏವನ್ ಎಂಬ ಪುಟ್ಟ ಪಟ್ಟಣಕ್ಕೆ ಕರೆದೊಯ್ದಳು. ಏವನ್ ನದಿಯ ಅಗಲವಾದ ಹಾಯುಗಡ ಇದ್ದುದರಿಂದ ಊರಿಗೆ ಆ ಹೆಸರು. ಒಂದು ಕಾಲದಲ್ಲಿ ಉಣ್ಣೆ ಬಟ್ಟೆಗೆ ಹೆಸರಾಗಿತ್ತಂತೆ. ಹಳೆಯ ಕಲ್ಲಿನ ಸೇತುವೆಯ ಮೇಲೆ, ಹಿಂದೆ ಕೈದಿಗಳನ್ನು ಕೂಡಿಡುತ್ತಿದ್ದ ಪುಟ್ಟ ಕೋಣೆಯೊಂದು ಈಗಲೂ ಇದೆ.

ಹೊಳೆಯ ಹತ್ತಿರದ ಚಹಾ ಮನೆಯೊಂದಕ್ಕೆ ಹೊಕ್ಕೆವು. ತಗ್ಗಾದ ಮಾಡು, ಮೇಜಿಗೆ ಬಿಳಿ ಬಟ್ಟೆ, ಹೂವಿನ ಚಿತ್ರದ ಪಿಂಗಾಣಿ ಕಪ್ಪುಗಳು. ಮಾಂಸದ ಸ್ಯಾಂಡ್‌ವಿಚ್ ಬೇಡವೆಂದೆವು. ಹಣ್ಣಿನ ಕೇಕಿಗೆ ಮದ್ಯ ಸೇರಿಸುವುದುಂಟು ಎಂದು ಮಗಳು ವಿಚಾರಿಸಿದಾಗ, ಬಡಿಸುವ ಹುಡುಗಿ ಬೇಸರಿಸದೆ ಒಳಗೆ ಹೋಗಿ ಕೇಳಿ ಬಂದಳು. ಕೊನೆಗೆ ಸ್ಕೋನ್ ತರಿಸಿದೆವು. ಬನ್ನಿನಂತಹ ಈ ತಿಂಡಿಯನ್ನು ಎರಡಾಗಿ ಸೀಳಿ ದಪ್ಪನೆಯ ಕೆನೆ, ಜಾಮ್ ಸವರಿ ತಿನ್ನುತ್ತಾರೆ. ಡೆವನ್‌ನವರು ಕೆನೆ ಮೊದಲು ಎಂದರೆ, ಕಾರ್ನ್‌ವಾಲ್‌ನವರು ಜಾಮ್ ಮೊದಲು ಎನ್ನುತ್ತಾರಂತೆ! ಚಹಾದ ಡಿಕಾಕ್ಷನ್ ಕೆಟಲಿನಲ್ಲಿ, ಹಾಲು ಬೇರೆಯಾಗಿ ಬಂತು. ನಾನು ಎದ್ದು ಸುರಿಯಹೊರಟೆ.

"ಉಮ್ಮಾ, ನೀವು ಕೂತ್ಕೊಳ್ಳಿ. ಇವತ್ತು ನಾನು ಹಾಕಿ ಕೊಡ್ತೇನೆ" ಎಂದಳು ಮಗಳು. ಮೊದಲ ಕಪ್ಪು ನನಗೇ ಸಿಕ್ಕಿತು. ಕಣ್ಣು ತುಂಬಿ ಬಂತು.

ಪಕ್ಕದ ಮೇಜಿನಲ್ಲಿ ಅಜ್ಜಿಯೊಬ್ಬರು ಒಬ್ಬರೇ ಕೂತು ನಿಧಾನವಾಗಿ ಚಹಾ ಕುಡಿಯುತ್ತಿದ್ದರು. ಯಾರೂ ಅವರನ್ನು ತಿರುಗಿ ನೋಡಲಿಲ್ಲ. ಆದರೆ ಅಲ್ಲಿಯೂ ಇದು ಮೊದಲಿನಿಂದ ಹೀಗಿರಲಿಲ್ಲವೆಂದು ಮಗಳು ಹೇಳಿದಳು. ಗೌರವಸ್ಥ ಮನೆತನದ ಹೆಂಗಸರು ಜೊತೆಗೆ ಯಾರೂ ಇಲ್ಲದೆ ಹೊರಗೆ ಕೂತು ತಿನ್ನುವುದು ಸಭ್ಯತೆಯಲ್ಲ ಎನ್ನುವ ಕಾಲವಿತ್ತು. 1864ರಲ್ಲಿ ಲಂಡನ್ನಿನ ಬ್ರೆಡ್ ಕಂಪನಿಯೊಂದು ಚಹಾದಂಗಡಿ ತೆರೆಯಿತು. ಬಳಿಕ ಇಂತಹ ಅಂಗಡಿಗಳು ಹೆಚ್ಚಿದಂತೆ ಹೆಂಗಸರಿಗೆ ನಿರ್ಭಯವಾಗಿ ಕೂರಲು ಒಂದು ಜಾಗ ಸಿಕ್ಕಿತು. ಮತದಾನದ ಹಕ್ಕಿಗಾಗಿ ಹೋರಾಡಿದ ಮಹಿಳೆಯರು ಸಭೆ ಸೇರುತ್ತಿದ್ದುದೂ ಚಹಾ ಮನೆಗಳಲ್ಲೇ. 1918ರಲ್ಲಿ ಕೆಲವರಿಗೆ, 1928ರಲ್ಲಿ ಗಂಡಸರಿಗೆ ಸಮನಾಗಿ ಎಲ್ಲ ಹೆಂಗಸರಿಗೆ ಆ ಹಕ್ಕು ದೊರೆಯಿತು.

ಆ ಚಹಾದ ಸೊಪ್ಪಿಗೂ ನಮ್ಮ ದೇಶಕ್ಕೂ ನಂಟಿದೆ. ಅಸ್ಸಾಮಿನ ಚಹಾ ಲಂಡನ್ನಿನಲ್ಲಿ ಮೊದಲು ಹರಾಜಾದದ್ದು 1839ರಲ್ಲಿ. ಇಂದು ತೋಟಗಳಲ್ಲಿ ಬೆನ್ನಿಗೆ ಬುಟ್ಟಿ ಕಟ್ಟಿ ಎಲೆ ಕೀಳುವವರಲ್ಲಿ ಹೆಚ್ಚಿನವರು ಹೆಂಗಸರೇ. ಅವರಿಗೆ ಕೂತು ಕುಡಿಯಲು ಪುರುಸೊತ್ತು ಎಲ್ಲಿಂದ ಬರಬೇಕು?

ಊರಿಗೆ ಮರಳಿದ ಮೇಲೆ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಅಸರ್ ನಮಾಝ್ ಮುಗಿದ ಮೇಲೆ ಸೊಸೆಯೂ ನಾನೂ ಕಾಲು ಗಂಟೆ ಜಗಲಿಯಲ್ಲಿ ಕೂತು ಬಿಸಿ ಚಹಾ ಕುಡಿಯುತ್ತೇವೆ. ಮಾಡಿ ತರುವವನು ಮಗ. ಮೊದಲ ವಾರ ಸಕ್ಕರೆ ಹೆಚ್ಚಾಗುತ್ತಿತ್ತು, ಈಗ ಹದ ಕಲಿತಿದ್ದಾನೆ. ನಿಮ್ಮ ಮನೆಯಲ್ಲೂ ಒಮ್ಮೆ ಮಾಡಿ ನೋಡಿ, ಸಹೋದರಿಯರೇ.