ನಾಲೆ ಏರಿಯ ಮಾಗಿ ಸವಾರಿ

ನಮ್ಮ ಮೈಸೂರು, ಮಂಡ್ಯ ಸೀಮೆಯ ಚಳಿಯನ್ನು ದೆಹಲಿ ಕಡೆಯವರ ಮುಂದೆ ಚಳಿ ಎಂದರೆ ನಕ್ಕುಬಿಡುತ್ತಾರೆ. ಡಿಸೆಂಬರ್ ಕೊನೆಯ ನಸುಕಿನಲ್ಲಿ 12-13 ಡಿಗ್ರಿ, ಅಷ್ಟೇ. ಒಂಬತ್ತರ ಹೊತ್ತಿಗೆ ಸ್ವೆಟರ್ ಬಿಚ್ಚಿ ಬಗಲಿಗೆ ಸಿಕ್ಕಿಸಿಕೊಳ್ಳಬೇಕು. ಆದರೆ ಇದೇ ಚಳಿಯಲ್ಲಿ, ಬೆಳಗಿನ ಆರು ಗಂಟೆಗೆ, ಪಾಂಡವಪುರದ ಆಚೆ ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲೆ ಬೈಕ್ ಓಡಿಸಿ ನೋಡಿದವರು ನಗುವುದಿಲ್ಲ. ರಾತ್ರಿಯೆಲ್ಲ ತಣಿದ ಗಾಳಿ ಭಾರವಾಗಿ ತಗ್ಗಿಗಿಳಿದು ಗದ್ದೆ ಬಯಲಿನಲ್ಲಿ ನಿಂತಿರುತ್ತದೆ. ದಿಬ್ಬದ ರಾಗಿ ಹೊಲದ ಪಕ್ಕ ಹಿತವಾಗಿದ್ದ ಹವೆ ಇಳಿಜಾರು ಮುಗಿಯುವಷ್ಟರಲ್ಲಿ ಕೊರೆಯತೊಡಗುತ್ತದೆ. ಕಾರಿನ ಗಾಜು ಏರಿಸಿ ಕೂತವರಿಗೆ ಈ ಏರಿಳಿತದ ಸುಳಿವೇ ಸಿಗದು. ಬೈಕಿನವನಿಗೆ ಮೊದಲು ಮೊಣಕಾಲಿಗೆ, ಆಮೇಲೆ ಬೆರಳಿಗೆ, ಕೊನೆಗೆ ಹಲ್ಲಿಗೆ ಗೊತ್ತಾಗುತ್ತದೆ.

ನನ್ನದು ಯೆಜ್ಡಿ. ಮೈಸೂರಿನ ಯಾದವಗಿರಿಯಲ್ಲೇ ಹುಟ್ಟಿದ ಗಾಡಿ. ಜೆಕೊಸ್ಲೊವಾಕಿಯಾದ ಜಾವಾವನ್ನು ಐಡಿಯಲ್ ಜಾವಾ ಕಂಪನಿ 1960ರ ದಶಕದ ಆರಂಭದಲ್ಲಿ ಇಲ್ಲಿ ತಯಾರಿಸತೊಡಗಿತು. 1970ರ ದಶಕದಲ್ಲಿ ಅದಕ್ಕೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಎರಡು ಸೈಲೆನ್ಸರ್, 250 ಸಿಸಿ ಟೂ ಸ್ಟ್ರೋಕ್ ಎಂಜಿನ್, ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್. ಮೇಲೆತ್ತಿದರೆ ಕಿಕ್ಕರ್, ಕೆಳಗೆ ತಿರುಗಿಸಿದರೆ ಗೇರ್. ಚಳಿಗಾಲದಲ್ಲಿ ಅದನ್ನು ಎಬ್ಬಿಸಲು ಒಂದು ಶಾಸ್ತ್ರವೇ ಇದೆ. ಪೆಟ್ರೋಲ್ ಕಾಕ್ ತೆಗೆದು, ಕಾರ್ಬ್ಯುರೇಟರಿನ ಟಿಕ್ಲರನ್ನು ಪೆಟ್ರೋಲ್ ಜಿನುಗುವವರೆಗೆ ಒತ್ತಿ, ಕೀ ಹಾಕದೆ ಮೊದಲು ಮೆಲ್ಲಗೆ ಕಿಕ್ ಕೊಟ್ಟು, ಆಮೇಲೆ ಕೀ ಹಾಕಿ ಪೂರ್ತಿ ಮೈಭಾರ ಬಿಟ್ಟು ಒದೆಯಬೇಕು. ಒಲ್ಲೆ ಎಂದರೆ ಪಾಯಿಂಟ್ ಬಿಚ್ಚಿ ಉಪ್ಪುಕಾಗದದಿಂದ ಉಜ್ಜಬೇಕು. ಎದ್ದಿತೆಂದರೆ ಬೀದಿಯ ನಾಯಿಗಳೂ ಏಳುತ್ತವೆ.

ಕೆಲಸದಲ್ಲಿದ್ದಾಗ ಈ ಗಾಡಿ ದುಡಿಯುವ ಎತ್ತಾಗಿತ್ತು. ಆಫೀಸಿಗೆ, ಮಕ್ಕಳ ಸ್ಕೂಲಿಗೆ, ಗ್ಯಾಸ್ ಸಿಲಿಂಡರ್ ತರುವುದಕ್ಕೆ, ಊರಿಂದ ಅಕ್ಕಿ ಮೂಟೆ ಹೇರುವುದಕ್ಕೆ. ಮಾಗಿ ಬಂತು ಎಂಬುದು ಗೊತ್ತಾಗುತ್ತಿದ್ದದ್ದು ಬೆಳಿಗ್ಗೆ ಸೀಟಿನ ಮೇಲೆ ಇಬ್ಬನಿ ಒರೆಸುವಾಗ ಮಾತ್ರ. ನಿವೃತ್ತಿಯಾದ ಮೇಲೆ ಮೊದಲ ಸಲ, ಹೋಗಲೇಬೇಕಾದ ಜಾಗ ಯಾವುದೂ ಇಲ್ಲದೆ ಹೊರಟೆ. ಅಂಗಿಯೊಳಗೆ ಎದೆಗೊಂದು ಹಳೆ ನ್ಯೂಸ್‌ಪೇಪರ್, ಮೇಲೆ ಸ್ವೆಟರ್, ಮಫ್ಲರ್, ಹೆಲ್ಮೆಟ್. "ಈ ವಯಸ್ಸಲ್ಲಿ ನಿಮಗ್ಯಾಕ್ರೀ ಇದು? ಎದೆಗೆ ಥಂಡಿ ಹಿಡಿದ್ರೆ ಯಾರು ನೋಡ್ಕೊಳ್ಳೋರು?" ಎಂದು ಹೆಂಡತಿ ಗೇಟಿನ ತನಕ ಬಂದು ಕೇಳುವುದು ಈಗಲೂ ತಪ್ಪಿಲ್ಲ. ಚಳಿಗೆ ರಕ್ತನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ ಎಂದು ಡಾಕ್ಟರೂ ಹೇಳಿದ್ದಾರೆ. ಇಬ್ಬರ ಮಾತೂ ಸರಿ. ಅದಕ್ಕೇ ಈಗ ಐದಕ್ಕಲ್ಲ, ಆರಕ್ಕೆ ಹೊರಡುತ್ತೇನೆ. ಮೊದಲು ದಾರಿಯಲ್ಲಿ "ಅಣ್ಣಾ" ಎನ್ನುತ್ತಿದ್ದವರು ಈಗ "ಯಜಮಾನ್ರೇ" ಎನ್ನುತ್ತಾರೆ. ಆ ಬಡ್ತಿಯನ್ನೂ ಒಪ್ಪಿಕೊಂಡಿದ್ದೇನೆ.

ನಿಧಾನವಾಗಿ ಓಡಿಸುವ ವಯಸ್ಸು ಬಂದಾಗಲೇ ನಿಧಾನದ ದಾರಿಗಳು ಕಣ್ಣಿಗೆ ಬಿದ್ದವು. ಶ್ರೀರಂಗಪಟ್ಟಣ ದಾಟಿ, ಪಾಂಡವಪುರದ ಮೇಲೆ ತೊಣ್ಣೂರು ಕೆರೆ, ಅಲ್ಲಿಂದ ಮೇಲುಕೋಟೆ. ಇನ್ನೊಂದು ದಿನ ಕೆ.ಆರ್. ಪೇಟೆ ಕಡೆಗೆ ಹೊರಳಿದರೆ ಹೊಸಹೊಳಲಿನ ಲಕ್ಷ್ಮೀನಾರಾಯಣ, ಕಿಕ್ಕೇರಿಯ ಬ್ರಹ್ಮೇಶ್ವರ. ಮದ್ದೂರಿನ ಪಕ್ಕಕ್ಕೆ ಇಳಿದರೆ ಕೊಕ್ಕರೆ ಬೆಳ್ಳೂರು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆಮರ, ಆಲದಮರಗಳಲ್ಲೇ ಗೂಡು ಕಟ್ಟುತ್ತವೆ. ಎಲ್ಲವೂ ಮೊದಲಿಂದ ಇದ್ದವೇ. ಇಷ್ಟು ವರ್ಷ ಇವುಗಳ ಪಕ್ಕದಲ್ಲೇ ಸಂಬಳಕ್ಕೆ ಓಡಾಡಿದ್ದೆ.

ನಿವೃತ್ತಿಯ ನಂತರ ಹಾಗೆ ಹೊರಟ ಮೊದಮೊದಲ ವರ್ಷಗಳಲ್ಲಿ ಮಾಗಿಯ ಹೊಲವನ್ನು ಗಾಡಿಯ ಮೇಲಿಂದಲೇ ಓದಬಹುದಿತ್ತು. ರಾಗಿಯ ನಡುವೆ ಅಕ್ಕಡಿ ಸಾಲು: ಅವರೆ, ಜೋಳ, ಸಾಸಿವೆ, ಹುಚ್ಚೆಳ್ಳು. ರಾಗಿ ಬಾಗಿ ಕಂದುಬಣ್ಣಕ್ಕೆ ತಿರುಗುವ ಹೊತ್ತಿಗೆ ಹುಚ್ಚೆಳ್ಳಿನ ಹಳದಿ ಹೂವು ಸಾಲುಸಾಲಾಗಿ ಎದ್ದಿರುತ್ತಿತ್ತು, ಜೇನು ಗುಂಯ್‌ಗುಡುತ್ತಿತ್ತು. ಇಬ್ಬನಿ ಬಿದ್ದ ಅವರೆ ಹೊಲದ ಸೊಗಡು ಒಂದು ತಿರುವಿನ ಮುಂಚೆಯೇ ಮೂಗಿಗೆ ಬಡಿದು, ಮಧ್ಯಾಹ್ನದ ಹಿದುಕಿದ ಬೇಳೆ ಸಾರು ಅಲ್ಲೇ ನಿಶ್ಚಯವಾಗಿಬಿಡುತ್ತಿತ್ತು. ಹಗಲು ಮೊಟಕಾದಾಗ ಮಾತ್ರ ಹೂಬಿಡುವ ನಾಟಿ ಅವರೆಗೆ ಮಾಗಿಯೇ ಕಾಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಆ ಹಂಗಿಲ್ಲ. ವರ್ಷದ ಯಾವ ತಿಂಗಳಲ್ಲಾದರೂ ಕಾಯಿ ಬಿಡುತ್ತವೆ. ರೈತನಿಗೆ ನಾಲ್ಕು ಕಾಸು ಬಂತು, ಸಂತೋಷ. ಜೂನ್ ತಿಂಗಳಲ್ಲೂ ಮಾರುಕಟ್ಟೆಯಲ್ಲಿ ಅವರೆಕಾಯಿ ಕಂಡಾಗ ನಾನೂ ಕೊಂಡಿದ್ದೇನೆ. ಆದರೆ ಸೊಗಡಿಗಾಗಿ ಮಾಗಿಯವರೆಗೆ ಕಾಯುವ ಅಭ್ಯಾಸ ನಮ್ಮ ನಾಲಿಗೆಯಿಂದ ಹೋಯಿತು. ಹೊಲದಲ್ಲಿ ಅಕ್ಕಡಿಯೂ ವಿರಳವಾಯಿತು. ಯಂತ್ರದಲ್ಲಿ ಕೊಯ್ಯುವವನಿಗೆ ನಡುವಿನ ಸಾಲುಗಳು ಅಡ್ಡಿ.

ಕಣದ ಕತೆಯೂ ಅಷ್ಟೇ. ನೆಲ ಕೆತ್ತಿ, ನೀರು ಹಾಕಿ ಗಟ್ಟಿ ಮಾಡಿ, ಸಗಣಿ ಬಗ್ಗಡ ಸಾರಿಸಿದ ಕಣ ಊರಂಚಿನಲ್ಲಿ ಹೊಳೆಯುತ್ತಿತ್ತು. ಪಕ್ಕದಲ್ಲಿ ರಾಗಿ ಮೆದೆ, ನಡುವೆ ರೋಣಗಲ್ಲು ಎಳೆಯುವ ಎತ್ತುಗಳು. ಒಳಗೆ ಚಪ್ಪಲಿ ಮೆಟ್ಟಿ ಕಾಲಿಡುವಂತಿರಲಿಲ್ಲ. ಗಾಡಿ ನಿಲ್ಲಿಸಿ ಹೊರಗೇ ನಿಂತರೆ, ರಾಗಿ ತೂರುತ್ತಿದ್ದ ಹೆಂಗಸರು ಗಾಳಿ ಬಿದ್ದಾಗ ಮೊರ ಇಳಿಸಿ, "ಯಾವೂರಾಯ್ತು?" ಎಂದು ವಿಚಾರಿಸುತ್ತಿದ್ದರು. ಈಗ ಕಣ ಎಂದರೆ ಟಾರು ರಸ್ತೆ. ಹುರುಳಿ, ರಾಗಿಯನ್ನು ರಸ್ತೆಗೆ ಹರಡಿದರೆ ಬಸ್ಸು, ಕಾರುಗಳೇ ತುಳಿದು ಕೊಡುತ್ತವೆ. ಎತ್ತಿಲ್ಲ, ಆಳಿಲ್ಲ, ಅವರಾದರೂ ಏನು ಮಾಡಿಯಾರು? ಬೈಕಿನವನಿಗಂತೂ ಅದು ಯಮನ ಬಾಗಿಲು. ಹುರುಳಿ ಸೊಪ್ಪಿನ ಮೇಲೆ ಬ್ರೇಕ್ ಹಿಡಿದರೆ ಚಕ್ರ ನಿಂತರೂ ಗಾಡಿ ನಿಲ್ಲದು. ಒಂದು ಕಾಲದಲ್ಲಿ ಗಾಡಿ ನಿಲ್ಲಿಸಿ ನೋಡುತ್ತಿದ್ದ ಸುಗ್ಗಿಯನ್ನು ಈಗ ಕಾಲು ಇಳಿಬಿಟ್ಟು, ಉಸಿರು ಬಿಗಿಹಿಡಿದು ದಾಟುತ್ತೇನೆ.

ನನ್ನನ್ನು ಹೆಚ್ಚು ಕಾಡುವುದು ಆಲೆಮನೆ. ಕನ್ನಂಬಾಡಿ ಕಟ್ಟೆಯಿಂದ ಇರ್ವಿನ್ ನಾಲೆ (ಅದಕ್ಕೇ ಮುಂದೆ ವಿಶ್ವೇಶ್ವರಯ್ಯನವರ ಹೆಸರಾಯಿತು) ಹರಿದು, ಮಂಡ್ಯ ಕಬ್ಬಿನ ನಾಡಾಯಿತು. 1933ರಲ್ಲಿ ಮಂಡ್ಯದಲ್ಲಿ ಮೈಶುಗರ್ ಕಾರ್ಖಾನೆ ಬಂತು. ಕಾರ್ಖಾನೆಗೆ ಹೋಗದ ಕಬ್ಬು ಆಲೆಮನೆಗೆ ಬರುತ್ತಿತ್ತು. ಮಂಜಿನಲ್ಲಿ ಆಲೆಮನೆ ಕಾಣುವ ಮೊದಲು ಅದರ ವಾಸನೆ ಸಿಗುತ್ತದೆ, ಕಾಯುವ ಕಬ್ಬಿನ ಹಾಲಿನ ಸಿಹಿ, ಸುಡುವ ಸಿಪ್ಪೆಯ ಹೊಗೆ. ಬೆರಳು ಮರಗಟ್ಟಿ ಕ್ಲಚ್ ಹಿಡಿಯಲಾರದೆ ಒಂದು ಬೆಳಿಗ್ಗೆ ಅಂಥ ಕಡೆ ಇಳಿದೆ. ಒಳಗೆ ಕೊಪ್ಪರಿಗೆಯಲ್ಲಿ ಹಾಲು ಉಕ್ಕುತ್ತಿತ್ತು. ಒಬ್ಬ ಒಲೆಯ ಬಾಯಿಗೆ ಒಣಸಿಪ್ಪೆ ತಳ್ಳುತ್ತಿದ್ದ. ಇನ್ನೊಬ್ಬ ಸುಣ್ಣದ ತಿಳಿಯನ್ನೂ ಬೆಂಡೆಗಿಡದ ಲೋಳೆಯನ್ನೂ ಬಿಟ್ಟು, ಮೇಲೆದ್ದ ಕಪ್ಪು ನೊರೆಯನ್ನು ಜಾಲರಿಯಿಂದ ತೆಗೆಯುತ್ತಿದ್ದ. ಯಜಮಾನ ಮಾತಾಡದೆ ಪಾಕವನ್ನೇ ದಿಟ್ಟಿಸುತ್ತಿದ್ದ. ಗುಳ್ಳೆಗಳು ದೊಡ್ಡವಾಗಿ, ಮಂದವಾಗಿ ಒಡೆಯತೊಡಗಿದಾಗ ಒಂದಿಷ್ಟು ಪಾಕ ಎತ್ತಿ ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿದ. ಉಂಡೆ ನಿಂತಿತು. "ಇಳಿಸ್ರೋ!" ಎಂದ. ಅಷ್ಟಾದ ಮೇಲೇ ನನ್ನ ಕಡೆ ತಿರುಗಿದ್ದು. "ಬನ್ನಿ ಸಾ, ಒಲೆ ತಾವ್ ಕೂತ್ಕಳಿ, ಕೈಯೆಲ್ಲ ಸೆಟ್ಕಬುಟ್ಟವೆ" ಎಂದು ಬಾಳೆಲೆಯ ಚೂರಿನಲ್ಲಿ ಬಿಸಿ ಪಾಕ ಹಾಕಿ ಕೊಟ್ಟ. ಕಾಸು ಕೊಡಹೋದರೆ, "ಆಲೆಮನೆಗೆ ಬಂದೋರ್ತಾವ ಕಾಸಾ?" ಎಂದು ಗದರಿದ.

ಆ ಆಲೆಮನೆ ಈಗಿಲ್ಲ. ಚಿಮಣಿ ಅರ್ಧ ಕುಸಿದು, ಒಲೆಯ ಗುಂಡಿಯಲ್ಲಿ ಪಾರ್ಥೇನಿಯಂ ಬೆಳೆದಿದೆ. ಕೂಲಿಗೆ ಜನ ಸಿಗಲಿಲ್ಲ, ಬೆಲ್ಲಕ್ಕೆ ಬೆಲೆ ನಿಲ್ಲಲಿಲ್ಲ. ಕೊಳ್ಳುವವರಿಗೆ ಹೊಂಬಣ್ಣದ ಬೆಲ್ಲವೇ ಬೇಕು. ಬಣ್ಣಕ್ಕಾಗಿ ಹೈಡ್ರೋಸ್ ಎಂಬ ರಾಸಾಯನಿಕ ಸುರಿಯಲೊಲ್ಲದವನ ಕಂದು ಬೆಲ್ಲವನ್ನು ಕೇಳುವವರಿರಲಿಲ್ಲ. ನಡೆಯುತ್ತಿರುವ ಆಲೆಮನೆಗಳು ಇನ್ನೂ ಇವೆ, ಅಲ್ಲಿ ದುಡಿಯುವವರಲ್ಲಿ ಅನೇಕರು ಉತ್ತರ ಭಾರತದಿಂದ ಬಂದ ಹುಡುಗರು. ನಮ್ಮ ಚಳಿಯನ್ನು ಕಂಡು ನಗುವವರು ಅವರೇ.

ಇನ್ನು ದಾರಿ. ಬೆಂಗಳೂರು-ಮೈಸೂರು ದಶಪಥ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಓಡಾಡುವಂತಿಲ್ಲ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವೂ ಬೈಪಾಸ್‌ನ ಆಚೆ ಉಳಿದವು. ಗೊಂಬೆ ಅಂಗಡಿಗಳ ಮುಂದೆ, ತಟ್ಟೆ ಇಡ್ಲಿ ಹೋಟೆಲುಗಳ ಮುಂದೆ ನಿಲ್ಲುತ್ತಿದ್ದ ಕಾರುಗಳು ಕಡಿಮೆಯಾದವು. ದಶಪಥದ ವೇಗದ ನಡುವೆ ಬೈಕ್ ಬಿಡುವುದು ಅಪಾಯ, ನಿಷೇಧ ತಪ್ಪಲ್ಲ. ನನ್ನಂಥವನಿಗೆ ಆ ರಸ್ತೆ ಬೇಕಾಗಿಯೂ ಇಲ್ಲ. ನನ್ನ ದೂರು ಬೇರೆ: ದೊಡ್ಡ ರಸ್ತೆಯ ಅವಸರ ಸಣ್ಣ ರಸ್ತೆಗೂ ಹಬ್ಬಿದೆ. ಊರೊಳಗಿನ ದಾರಿಗಳೂ ಅಗಲವಾಗುತ್ತಿವೆ, ನೆರಳು ಕೊಡುತ್ತಿದ್ದ ಹುಣಸೆ, ಹೊಂಗೆ, ಆಲ ಉರುಳುತ್ತಿವೆ. ಮರದ ಬುಡವಿದ್ದಲ್ಲಿ ಗಾಡಿ ನಿಲ್ಲಿಸಿ ಬೀಡಿ ಹಚ್ಚುವವರು, ಮಾತಿಗೆ ಸಿಗುವವರು ಇರುತ್ತಿದ್ದರು. ಮರ ಹೋದಲ್ಲಿ ನಿಲ್ಲಲು ನೆಪವೇ ಇಲ್ಲ.

ಗಾಡಿಯ ಕಾಲವೂ ಮುಗಿಯುತ್ತಾ ಬಂತು. ಟೂ ಸ್ಟ್ರೋಕ್ ಹೊಗೆ ಊರಿಗೆ ಒಳ್ಳೆಯದಲ್ಲ ಎಂಬುದನ್ನು ಒಪ್ಪುತ್ತೇನೆ. ಪೆಟ್ರೋಲಿಗೆ ಆಯಿಲ್ ಬೆರೆಸಿ ಕೊಡುತ್ತಿದ್ದ ಬಂಕ್‌ಗಳು ಆ ಪಂಪನ್ನೇ ಕಿತ್ತುಹಾಕಿವೆ. ಡಬ್ಬಿ ತಂದು ನಾನೇ ಬೆರೆಸುತ್ತೇನೆ. ಈಗಿನ ಪೆಟ್ರೋಲಿನಲ್ಲಿ ಶೇ. 20 ಎಥನಾಲ್. ಅದು ನೀರು ಹೀರುತ್ತದೆ, ಹಳೆಯ ಗಾಡಿಗಳ ರಬ್ಬರ್ ಪೈಪು, ವಾಷರುಗಳನ್ನು ತಿನ್ನುತ್ತದೆ. ಕಬ್ಬಿನಿಂದ, ಅದರ ಕಾಕಂಬಿಯಿಂದ ತೆಗೆಯುವ ಎಥನಾಲ್ ಇದರಲ್ಲಿದೆ. ಕೊಪ್ಪರಿಗೆಯಲ್ಲಿ ಕುದಿದು ದಾರಿಯ ಪಕ್ಕ ಘಮಘಮಿಸಬೇಕಿದ್ದ ಕಬ್ಬು ನನ್ನ ಟ್ಯಾಂಕಿಗಿಳಿದು ಗಾಡಿಯನ್ನು ಒಳಗಿನಿಂದ ಸವೆಸುತ್ತಿದೆ ಎಂದಾಗ ನಗುವುದೋ ಅಳುವುದೋ ತಿಳಿಯದು. ಜಾವಾ ಫ್ಯಾಕ್ಟರಿಯಲ್ಲೇ ಕೈ ಪಳಗಿಸಿಕೊಂಡ ನಮ್ಮ ಮೇಸ್ತ್ರಿ ಅಂಗಡಿ ಮುಚ್ಚಿ ಮಗನ ಮನೆ ಸೇರಿದ್ದಾರೆ. ಶಬ್ದ ಕೇಳಿಯೇ "ಪಾಯಿಂಟ್ ಗ್ಯಾಪ್ ನೋಡ್ಬೇಕು ಸಾರ್" ಎನ್ನುತ್ತಿದ್ದವರು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಗಾಡಿಗಳು ಬಂದವು. ಚೆನ್ನಾಗಿವೆ. ಆದರೆ ತಯಾರಾಗುವುದು ಮಧ್ಯಪ್ರದೇಶದಲ್ಲಿ.

ಇಷ್ಟೆಲ್ಲ ಹೇಳಿ, ಹಿಂದಿನದೆಲ್ಲ ಚಂದವಿತ್ತು ಎಂದು ತೀರ್ಪು ಕೊಡಲಾರೆ. ರೋಣಗಲ್ಲಿನ ಹಿಂದೆ ಹಗಲಿಡೀ ಸುತ್ತಿದವನನ್ನು ಕೇಳಿದರೆ ಯಂತ್ರವೇ ವಾಸಿ ಎನ್ನುತ್ತಾನೆ. ಒಲೆಯ ಮುಂದೆ ಬೆಂದವನ ಮಗ ಬೆಂಗಳೂರಿಗೆ ಹೋಗಿದ್ದರೆ ಅದು ಅವನ ಹಕ್ಕು. ನಾನು ಮರುಗುವುದು ದುಡಿಮೆ ಹಗುರವಾದುದಕ್ಕಲ್ಲ. ದಾರಿಹೋಕನಿಗೂ ಹೊಲಕ್ಕೂ ನಡುವೆ ಇದ್ದ ಮಾತು ನಿಂತುಹೋಗುತ್ತಿರುವುದಕ್ಕೆ. ನಾಡನ್ನು ಬಲ್ಲವರಾಗಲು ಓಡಾಡಿದರೆ ಸಾಲದು, ಕರೆದಲ್ಲಿ ನಿಲ್ಲಬೇಕು. ಕರೆಯುವವರೂ ನಿಲ್ಲುವವರೂ ಒಟ್ಟಿಗೇ ಕಡಿಮೆಯಾಗುತ್ತಿದ್ದಾರೆ.

ಆದ್ದರಿಂದ ಗಾಡಿ ಇರುವವರಲ್ಲಿ, ಅದರಲ್ಲೂ ನನ್ನ ವಾರಗೆಯವರಲ್ಲಿ, ಒಂದು ಕೋರಿಕೆ. ಗಾಡಿ ಯಾವುದಾದರೂ ಇರಲಿ, ಸ್ಕೂಟರಾದರೂ ಸೈ. ಧನುರ್ಮಾಸದ ಒಂದು ಬೆಳಿಗ್ಗೆ ಸರ್ವೀಸ್ ರಸ್ತೆಯನ್ನೂ ಬಿಟ್ಟು ಒಳದಾರಿ ಹಿಡಿಯಿರಿ. ಹೆಲ್ಮೆಟ್ ಹಾಕಿ, ಎದೆಗೊಂದು ಪೇಪರ್ ಇಟ್ಟುಕೊಳ್ಳಿ. ನಾಲೆ ಏರಿಯ ಮೇಲೆ ಮಂಜಿದ್ದರೆ ಅವಸರ ಬೇಡ. 2018ರ ನವೆಂಬರ್‌ನಲ್ಲಿ ಕನಗನಮರಡಿಯ ಬಳಿ ಬಸ್ಸು ಇದೇ ನಾಲೆಗೆ ಉರುಳಿ 30 ಜನ ಹೋದದ್ದನ್ನು ಈ ಸೀಮೆ ಮರೆತಿಲ್ಲ. ಆಲೆಮನೆಯ ಹೊಗೆ ಕಂಡರೆ ಎಂಜಿನ್ ಆಫ್ ಮಾಡಿ ಒಳಗೆ ಹೋಗಿ, ಬಣ್ಣ ನೋಡದೆ ಎರಡು ಅಚ್ಚು ಕಂದು ಬೆಲ್ಲ ಕೊಳ್ಳಿ. ಮೊಮ್ಮಕ್ಕಳಿದ್ದರೆ ಹಿಂದೆ ಕೂರಿಸಿಕೊಂಡು ಹೋಗಿ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಟುಬಿಡುತ್ತದೆ, ಅಷ್ಟರೊಳಗೆ ಒಮ್ಮೆ ಹೋಗಿಬನ್ನಿ.