ಬಂಗಿನ ಬೆನ್ನು ಹತ್ತಿ

ಪಾಂಡವಪುರ. ವಿ.ಸಿ. ನಾಲೆ ಬಯಲಿನಲ್ಲಿ ನಾಟಿ. ಬಗ್ಗಿ ಪೈರು ನೆಡುವ ಹಲವು ಹೆಂಗಸರ ಎರಡೂ ಕೆನ್ನೆಯ ಮೇಲೆ ಕಂದು ಬಂಗು. ಅದೇ ಬಿಸಿಲಲ್ಲಿ ಪೈರಿನ ಕಂತೆ ಹೊರುವ ಗಂಡಸರ ಮುಖದಲ್ಲಿ ಅಪರೂಪ. ಬಿಸಿಲೊಂದೇ ಕಾರಣವಾಗಿದ್ದರೆ ಹೀಗೇಕೆ? "ಎರಡ್ನೇ ಬಸ್ರೀಲಿ ಬಂತು ಕಣವ್ವ, ಹೋಗ್ಲೇ ಇಲ್ಲ" ಎಂದರು ಒಬ್ಬ ಹಿರಿಯಕ್ಕ. ಉತ್ತರದ ಅರ್ಧ ಆ ಮಾತಿನಲ್ಲೇ ಇದೆ. ಬಸಿರಿನ ಹಾರ್ಮೋನು, ಗರ್ಭನಿರೋಧಕ ಮಾತ್ರೆ, ವಂಶದ ಗುಣ ಇವೆಲ್ಲ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನು ಕೆರಳಿಸಿ ಇಟ್ಟಿರುತ್ತವೆ. ಉಳಿದದ್ದನ್ನು ಬಿಸಿಲು ಮುಗಿಸುತ್ತದೆ. ಕೆಲವರಿಗೆ ಹೆರಿಗೆಯಾದ ಕೆಲವು ತಿಂಗಳಲ್ಲಿ ತಾನೇ ತಿಳಿಯಾಗುತ್ತದೆ, ಬಿಸಿಲಲ್ಲೇ ದುಡಿಯುವವರಿಗೆ ಕೂತುಬಿಡುತ್ತದೆ.

ಆಲೆಮನೆಯ ಒಲೆಗೆ ಕಬ್ಬಿನ ಸಿಪ್ಪೆ ತಳ್ಳುವವರ ಮುಖವನ್ನೂ ನೋಡಬೇಕು. ಕಾವು ಕೂಡ ಬಂಗನ್ನು ಹೆಚ್ಚಿಸುತ್ತದಂತೆ.

ಶ್ರೀರಂಗಪಟ್ಟಣ. ಬಂಗಿಗೆ ನಿಂಬೆರಸ ಹಚ್ಚುವುದು ಇಲ್ಲಿ ಮನೆಮನೆಯ ಮದ್ದು. ನಿಂಬೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಇನ್ನಷ್ಟು ಕಪ್ಪಾಗುತ್ತದೆ. ಹಣ್ಣಿನಲ್ಲಿರುವ ಒಂದು ರಾಸಾಯನಿಕ ಬಿಸಿಲಿನ ಜೊತೆ ಸೇರಿ ಮಾಡುವ ಕೆಲಸ ಅದು. ವಾಸಿಯಾಗಲೆಂದು ಹಚ್ಚಿದ್ದೇ ಕಲೆ ಉಳಿಸಿ ಹೋಗುವುದನ್ನು ನೋಡಿದರೆ ಸಂಕಟವಾಗುತ್ತದೆ.

ಕೆ.ಆರ್. ಪೇಟೆ. ನನ್ನನ್ನು ಹೆಚ್ಚು ಕಾಡಿದ್ದು ಇಲ್ಲಿ ಕಂಡದ್ದು. ಚೀಟಿಯಿಲ್ಲದೆ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಟ್ಯೂಬು ಅಕ್ಕನಿಂದ ತಂಗಿಗೆ, ತಂಗಿಯಿಂದ ನಾದಿನಿಗೆ ಕೈ ಬದಲಾಗುತ್ತದೆ. ಹಚ್ಚಿದ ಕೆಲವೇ ವಾರದಲ್ಲಿ ಮುಖ ಬೆಳ್ಳಗಾಗುತ್ತದೆ, ಮೋಸ ಇರುವುದೇ ಅಲ್ಲಿ. ಆ ಟ್ಯೂಬಿನಲ್ಲಿರುವಂಥ, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಸ್ಟೆರಾಯ್ಡ್ ಮೂರನ್ನೂ ಬೆರೆಸುವ ಮುಲಾಮಿನ ಸೂತ್ರವನ್ನು 1975ರಲ್ಲಿ ಅಮೆರಿಕದ ಚರ್ಮವೈದ್ಯ ಕ್ಲಿಗ್‌ಮನ್ ಮತ್ತು ಅವರ ಸಹೋದ್ಯೋಗಿ ಪ್ರಕಟಿಸಿದರು. ವೈದ್ಯರ ಕಣ್ಣೆದುರಿನಲ್ಲಿ, ಅಳತೆಯಿಟ್ಟು, ಕೆಲವು ವಾರ ಮಾತ್ರ ಹಚ್ಚಿದರೆ ಅದು ಒಳ್ಳೆಯ ಔಷಧ. ತಿಂಗಳುಗಟ್ಟಲೆ ಬಳಿದುಕೊಂಡರೆ ಚರ್ಮ ತೆಳುವಾಗಿ ರಕ್ತನಾಳಗಳು ಕಾಣುತ್ತವೆ, ಮೊಡವೆ, ಮುಖದ ಮೇಲೆ ಕೂದಲು, ಬಿಸಿಲಿಗೆ ಹೋದರೆ ಉರಿ. ಬಿಟ್ಟರೆ ಬಂಗು ಮರಳಿ ಬರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ಟ್ಯೂಬು ಮಾತ್ರ ಇನ್ನೂ ಸಲೀಸಾಗಿ ಸಿಗುತ್ತದೆ.

ನಾಗಮಂಗಲ. ಕಪ್ಪಾದದ್ದೆಲ್ಲ ಬಂಗಲ್ಲ. ಶಾಲೆಗೆ ಹೋಗುವ ಹುಡುಗನ ಕತ್ತಿನ ಹಿಂದೆ ದಪ್ಪ ಕಪ್ಪು ಪಟ್ಟಿ, ಮುಟ್ಟಿದರೆ ಮಖಮಲ್ಲು. ಕೊಳೆಯೆಂದು ತಾಯಿ ತಿಕ್ಕಿ ತಿಕ್ಕಿ ತೊಳೆಯುತ್ತಾಳೆ. ಅದು ಕೊಳೆಯಲ್ಲ. ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಕತ್ತು, ಕಂಕುಳು ಹೀಗೆ ಕಪ್ಪಾಗುತ್ತವೆ. ಸೋಪು ಬಿಟ್ಟು ಸಕ್ಕರೆ ಪರೀಕ್ಷೆ ಮಾಡಿಸಬೇಕು, ತೂಕ ಇಳಿದರೆ ಕಪ್ಪೂ ತಿಳಿಯಾಗುತ್ತದೆ.

ಬಣ್ಣ ಮಾಸಿದ ಮಚ್ಚೆಯಲ್ಲಿ ಸ್ಪರ್ಶ ತಿಳಿಯದಿದ್ದರೆ ಅದು ಬೇರೆಯೇ ಮಾತು. ಕುಷ್ಠವಿರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ, 6 ಅಥವಾ 12 ತಿಂಗಳು ನುಂಗಿದರೆ ವಾಸಿ.

ಬಂಗು ಪೂರ್ತಿ ಹೋಗುತ್ತದೆಂದು ಯಾರೂ ಮಾತು ಕೊಡಲಾರರು. ಮುಖಕ್ಕೆ ನೆರಳು ಬೀಳುವಷ್ಟು ಅಗಲದ ಟೋಪಿ, ಇಲ್ಲವೇ ಮುಂದಕ್ಕೆಳೆದ ಸೆರಗು, ಕೈಗೆಟುಕಿದರೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್. ಇವಿಲ್ಲದೆ ಯಾವ ಮುಲಾಮೂ ನಿಲ್ಲದು. ಮಂಡ್ಯದ ವೈದ್ಯಕೀಯ ಕಾಲೇಜು ಮಿಮ್ಸ್‌ನಲ್ಲಿ, ಬೆಳ್ಳೂರಿನ ಬಳಿ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗಗಳಿವೆ. ಬಸುರಿಯಾಗಿದ್ದರೆ ಅದನ್ನು ಮೊದಲೇ ಹೇಳಿ. ಈವರೆಗೆ ಹಚ್ಚಿದ ಟ್ಯೂಬು ಖಾಲಿಯಾಗಿದ್ದರೂ ಸರಿ, ಡಾಕ್ಟರಿಗೆ ತೋರಿಸಲು ಜೊತೆಗೆ ಒಯ್ಯಿರಿ.